ಪರದೆ ಕಪ್ಪಾದ ಲಿನಕ್ಸ್ ಕಂಪ್ಯೂಟರನ್ನು ಕಮಾಂಡ್ ಲೈನಿನಿಂದ ಸರಿಪಡಿಸುವ ಕ್ರಮ

ಮಳೆಗಾಲ ಬಲಿಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಲಿನಕ್ಸ್ ಬಳಕೆದಾರರಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ತಯಾರಕರ ಲಾಂಛನವೂ ಮೂಡುತ್ತದೆ; ಆಮೇಲೆ ಪರದೆ ಕಪ್ಪಾಗಿ ಹಾಗೆಯೇ ನಿಂತುಬಿಡುತ್ತದೆ. ಕೆಲವು ಯಂತ್ರಗಳು ಲಾಗಿನ್ ಪುಟದವರೆಗೆ ಬಂದು, ಪಾಸ್‌ವರ್ಡ್ ಕೊಟ್ಟ ಕೂಡಲೇ ಮತ್ತೆ ಅದೇ ಪುಟಕ್ಕೆ ಮರಳುತ್ತವೆ. ಅಂಥ ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದರೆ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚಾಗಿ ‘ಫಾರ್ಮ್ಯಾಟ್ ಹೊಡೆಯಬೇಕು’ ಎಂಬುದೇ ಆಗಿರುತ್ತದೆ. ಅದರೊಂದಿಗೆ ಅಡಿಕೆಯ ರಾಶಿ, ಬೆಟ್ಟೆ, ಗೊರಬಲುಗಳ ವರ್ಷಗಟ್ಟಲೆಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೊಗಳೆಲ್ಲ ಅಳಿಸಿಹೋಗುತ್ತವೆ. ಈ ನಷ್ಟ ಬಹುತೇಕ ಸಂದರ್ಭಗಳಲ್ಲಿ ಅನಗತ್ಯವಾದದ್ದು ಎಂಬುದನ್ನು ತಿಳಿಸುವುದಕ್ಕೇ ಈ ಬರಹ.

ಲಿನಕ್ಸಿನಲ್ಲಿ ಚಿತ್ರರೂಪದ ಪರದೆ ವ್ಯವಸ್ಥೆಯ ತಳಹದಿಯಲ್ಲ. ಮೊದಲು ವ್ಯವಸ್ಥೆಯ ತಿರುಳಾದ ಕರ್ನೆಲ್ ಏಳುತ್ತದೆ, ಅದು ಡಿಸ್ಕನ್ನು ತೆರೆಯುತ್ತದೆ, ಬಳಿಕ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕವು ನೆಟ್‌ವರ್ಕ್, ಮುದ್ರಣ ಮುಂತಾದ ಸೇವೆಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಲಾಗಿನ್ ಪುಟವನ್ನು ತೋರಿಸುವ ಡಿಸ್‌ಪ್ಲೇ ಮ್ಯಾನೇಜರ್ ಅಂಥ ಸೇವೆಗಳಲ್ಲಿ ಕೊನೆಯ ಒಂದು ಸೇವೆ ಮಾತ್ರ. ಅದೊಂದು ಬಿದ್ದಾಗ ಉಳಿದದ್ದೆಲ್ಲ ಸುಸ್ಥಿತಿಯಲ್ಲಿ ನಡೆಯುತ್ತಲೇ ಇರುವುದು ಸಾಮಾನ್ಯ. ಗಾಳಿಗೆ ನಾಲ್ಕು ಹೆಂಚು ಹಾರಿದ್ದಕ್ಕೆ ಯಾರೂ ಮನೆಯನ್ನು ಕೆಡವಿ ಕಟ್ಟುವುದಿಲ್ಲ. ಇಲ್ಲಿಯೂ ಆ ನಾಲ್ಕು ಹೆಂಚು ಯಾವುವೆಂದು ನೋಡಬೇಕಷ್ಟೆ. ಹಾಗೆ ನೋಡಲು ಪರದೆಯ ಸೇವೆಯನ್ನು ಬದಿಗಿಟ್ಟು ಕಂಪ್ಯೂಟರನ್ನು ಬರಿಯ ಅಕ್ಷರಗಳ ಕಮಾಂಡ್ ಲೈನಿಗೆ ಏಳಿಸಬೇಕು.

ಆದೇಶಗಳನ್ನು ಬರೆದಿರುವ ರೀತಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ಇಂಥ ನೆರವು ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ: ಒಬ್ಬರು ಅಕ್ಷರ ಬಿಡಿಸಿ ಹೇಳುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇನೆ. ಆದೇಶವನ್ನು ಕನ್ನಡದಲ್ಲಿ ಬರೆದು, ಕಾಗುಣಿತ ಊಹಿಸಲಾಗದ ಕಡೆ ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿದ್ದೇನೆ. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು. ಪದಗಳ ನಡುವಿನ ಖಾಲಿ ಜಾಗವನ್ನು ಬಿಡುವುದು, ಇಲ್ಲದ ಕಡೆ ಸೇರಿಸುವುದು ಎರಡೂ ತಪ್ಪಾಗುತ್ತವೆ.

ಮೊದಲು ಯಂತ್ರಾಂಶವನ್ನು ನೋಡಿ

ಆನ್ ಮಾಡಿದ ಕೂಡಲೇ ತಯಾರಕರ ಲಾಂಛನ ಕಂಡರೆ ಮಾನಿಟರ್ ಮತ್ತು ಕೇಬಲ್ ಚಿತ್ರವನ್ನು ತರುತ್ತಿವೆ ಎಂದರ್ಥ. ಮುಂದಿನ ಭಾಗಕ್ಕೆ ಹೋಗಬಹುದು. ಲಾಂಛನವೇ ಕಾಣದಿದ್ದರೆ ತೊಂದರೆ ಲಿನಕ್ಸಿನದ್ದಲ್ಲ. ಆಗ ಕೇಬಲ್ ಬಿಚ್ಚಿ ಪಿನ್ನುಗಳಲ್ಲಿ ಕಿಲುಬು ಹಿಡಿದಿದೆಯೇ ಎಂದು ನೋಡಬೇಕು, ಸಾಧ್ಯವಾದರೆ ಬೇರೆ ಮಾನಿಟರ್ ಹಚ್ಚಿ ಪರೀಕ್ಷಿಸಬೇಕು. ಲ್ಯಾಪ್‌ಟಾಪ್ ಆದರೆ ಕತ್ತಲೆಯಲ್ಲಿ ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಅಕ್ಷರಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂಬೆಳಕು ಮಾತ್ರ ಆರಿದೆ. ಬೆಳಕು ಹೆಚ್ಚಿಸುವ ಕೀಲಿಯನ್ನು ಒತ್ತಿದರೇ ಕೆಲವೊಮ್ಮೆ ಸರಿಹೋಗುತ್ತದೆ.

ಪರದೆ ಕಪ್ಪಾಗಿರುವಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡುವುದೂ ಒಳ್ಳೆಯ ಪರೀಕ್ಷೆ. ಅದರ ದೀಪ ಹೊತ್ತಿ ಆರುತ್ತಿದ್ದರೆ ಕರ್ನೆಲ್ ಜೀವಂತವಾಗಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಆಗ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಹಿಡಿದು ಎಫ್3 ಒತ್ತಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆಗೆ ಎಫ್ಎನ್ ಕೀಲಿಯನ್ನೂ ಹಿಡಿಯಬೇಕಾಗುತ್ತದೆ. ‘ಲಾಗಿನ್’ ಎಂಬ ಪದವಿರುವ ಅಕ್ಷರಗಳ ಪುಟ ಮೂಡಿದರೆ ಮುಂದಿನ ಭಾಗದಲ್ಲಿ ಹೇಳುವ ಗ್ರಬ್ ತಿದ್ದುವ ಕೆಲಸವೇ ಬೇಡ. ನೇರವಾಗಿ ಒಳಗೆ ಹೋಗಬಹುದು.

ಗ್ರಬ್ ಪಟ್ಟಿಯಿಂದ ಕಮಾಂಡ್ ಲೈನಿಗೆ

ಹಾಗೆ ಆಗದಿದ್ದರೆ ಕಂಪ್ಯೂಟರನ್ನು ಮತ್ತೆ ಆರಂಭಿಸಿ, ಕರ್ನೆಲ್ಲನ್ನು ಹೊತ್ತು ತರುವ ಗ್ರಬ್ ಎಂಬ ತಂತ್ರಾಂಶದ ಪಟ್ಟಿಯನ್ನು ತೆರೆಯಬೇಕು. ಉಬುಂಟು ಮತ್ತು ಲಿನಕ್ಸ್ ಮಿಂಟ್‌ಗಳಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಇಲ್ಲದಿದ್ದರೆ ಈ ಪಟ್ಟಿ ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಹಳೆಯ ಬಯಾಸ್ ಯಂತ್ರಗಳಲ್ಲಿ ಲಾಂಛನ ಮೂಡುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಯುಇಎಫ್ಐ ಇರುವ ಹೊಸ ಯಂತ್ರಗಳಲ್ಲಿ ಲಾಂಛನ ಮರೆಯಾಗುತ್ತಿದ್ದಂತೆ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಬೇಕು. ಎಸ್ಕೇಪನ್ನು ಹಲವು ಸಲ ಒತ್ತಿದರೆ ಪಟ್ಟಿಯನ್ನೂ ದಾಟಿ ‘ಗ್ರಬ್>’ ಎಂಬ ಖಾಲಿ ಸಾಲಿಗೆ ಬೀಳುವುದುಂಟು. ಗಾಬರಿಯಾಗದೆ ‘ನಾರ್ಮಲ್’ ಎಂದು ಟೈಪಿಸಿ ಎಂಟರ್ ಒತ್ತಿ, ಅಥವಾ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಮೊದಲಿನಿಂದ ಆರಂಭಿಸಿ.

ಪಟ್ಟಿ ಕಂಡಮೇಲೆ ಬಾಣದ ಕೀಲಿಯನ್ನು ಒತ್ತಿದರೆ ಎಣಿಕೆ ನಿಲ್ಲುತ್ತದೆ. ಮೊದಲ ಸಾಲಿನ ಮೇಲೆ ನಿಂತು ‘ಇ’ ಅಕ್ಷರವನ್ನು, ಅಂದರೆ ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರವನ್ನು ಒತ್ತಿ. ಹತ್ತಾರು ಸಾಲುಗಳ ಒಂದು ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ‘ಲಿನಕ್ಸ್’ ಎಂಬ ಪದದಿಂದ ಆರಂಭವಾಗುವ ಒಂದೇ ಸಾಲು. ಅದರಲ್ಲಿ ಕರ್ನೆಲ್ ಕಡತದ ಹೆಸರು, ‘ರೂಟ್=’ ಎಂಬ ಗುರುತಿನ ನಂತರ ಉದ್ದನೆಯ ಒಂದು ಸಂಖ್ಯೆ, ‘ಆರ್ ಓ’, ಕೊನೆಗೆ ‘ಕ್ವಾಯೆಟ್ ಸ್ಪ್ಲಾಶ್’ ಎಂಬ ಎರಡು ಪದಗಳಿರುತ್ತವೆ. ಸಾಲು ಪರದೆಗಿಂತ ಉದ್ದವಾದರೆ ಅಂಚಿನಲ್ಲಿ ಹಿಂಬಾಗಿದ ಓರೆಗೆರೆ ತೋರಿಸಿ ಕೆಳಗೆ ಮುಂದುವರಿಯುತ್ತದೆ; ಅದು ಹೊಸ ಸಾಲಲ್ಲ. ಆ ಸಾಲಿನ ಮೇಲೆ ನಿಂತು ಕಂಟ್ರೋಲ್-ಇ ಒತ್ತಿದರೆ ಅದರ ನಿಜವಾದ ಕೊನೆಗೆ ತಲುಪುತ್ತೀರಿ.

‘ಕ್ವಾಯೆಟ್ ಸ್ಪ್ಲಾಶ್’ ಎಂಬುದನ್ನು ಅಳಿಸಿಬಿಡಿ. ಈ ಎರಡು ಪದಗಳೇ ಕರ್ನೆಲ್ಲಿನ ಮಾತನ್ನು ಮುಚ್ಚಿಟ್ಟು ಅಂದದ ಚಿತ್ರ ತೋರಿಸುವವು. ತೊಂದರೆ ಬಂದಾಗ ನಮಗೆ ಆ ಮಾತೇ ಬೇಕು. ಅವುಗಳ ಜಾಗದಲ್ಲಿ 3 ಎಂಬ ಒಂದು ಅಂಕಿಯನ್ನು ಬರೆಯಿರಿ, ಅದರ ಹಿಂದೆ ಒಂದು ಖಾಲಿ ಜಾಗವಿರಲಿ. ಪರದೆಯ ಸೇವೆಯನ್ನು ಎಬ್ಬಿಸದೆ ಉಳಿದದ್ದನ್ನೆಲ್ಲ ಎಬ್ಬಿಸು ಎಂಬುದು ಹಳೆಯ ಯೂನಿಕ್ಸ್ ಪದ್ಧತಿಯಿಂದ ಬಂದ ಈ ಅಂಕಿಯ ಅರ್ಥ, ಮತ್ತು ಬಳಕೆಯಲ್ಲಿರುವ ಹೆಚ್ಚಿನ ಲಿನಕ್ಸ್‌ಗಳು ಅದನ್ನು ಈಗಲೂ ಗೌರವಿಸುತ್ತವೆ. ಅದು ಫಲಿಸದಿದ್ದರೆ ಪೂರ್ಣ ರೂಪವನ್ನು ಬರೆಯಬೇಕು:

ಸಿಸ್ಟಮ್‌ಡಿ.ಯುನಿಟ್=ಮಲ್ಟಿ-ಯೂಸರ್.ಟಾರ್ಗೆಟ್

ಇದರಲ್ಲಿ ಎರಡು ಚುಕ್ಕಿಗಳಿವೆ, ಒಂದು ಸಮ ಚಿಹ್ನೆ ಇದೆ, ಒಂದು ಅಡ್ಡಗೆರೆ ಇದೆ, ನಡುವೆ ಎಲ್ಲಿಯೂ ಖಾಲಿ ಜಾಗವಿಲ್ಲ. ಬರೆದಾದ ಮೇಲೆ ಕಂಟ್ರೋಲ್-ಎಕ್ಸ್ ಅಥವಾ ಎಫ್10 ಒತ್ತಿದರೆ ಕಂಪ್ಯೂಟರ್ ಏಳತೊಡಗುತ್ತದೆ. ಇಲ್ಲಿ ಮಾಡಿದ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುತ್ತದೆ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ ತಪ್ಪಾದರೂ ಹೆದರಬೇಕಾಗಿಲ್ಲ.

ಅಕ್ಷರಗಳು ಕೂಡ ಮೂಡದೆ ಪರದೆ ನಡುವೆಯೇ ಕಪ್ಪಾದರೆ, ಮುಂದಿನ ಸಲ 3ರ ಜೊತೆಗೆ ಒಂದು ಜಾಗ ಬಿಟ್ಟು ‘ನೊಮೋಡ್‌ಸೆಟ್’ ಎಂದು ಸೇರಿಸಿ: ಎನ್ ಓ ಎಂ ಓ ಡಿ ಇ ಎಸ್ ಇ ಟಿ. 2009ರಲ್ಲಿ ಬಂದ 2.6.29ನೇ ಆವೃತ್ತಿಯಿಂದ ಆರಂಭಿಸಿ, ಪರದೆಯ ಅಳತೆಯನ್ನು ನಿಗದಿ ಮಾಡುವ ಕೆಲಸವನ್ನು ಕರ್ನೆಲ್ಲೇ ಹಂತಹಂತವಾಗಿ ವಹಿಸಿಕೊಂಡಿತು. ಗ್ರಾಫಿಕ್ಸ್ ಚಾಲಕದಲ್ಲಿ, ಅಂದರೆ ಚಿತ್ರ ಮೂಡಿಸುವ ಯಂತ್ರಭಾಗವನ್ನು ನಡೆಸುವ ಡ್ರೈವರ್ ತಂತ್ರಾಂಶದಲ್ಲಿ, ದೋಷವಿದ್ದರೆ ಆ ಘಟ್ಟದಲ್ಲೇ ಪರದೆ ಆರುತ್ತದೆ. ಈ ಪದವು ಆ ಕೆಲಸ ಬೇಡವೆಂದು ಕರ್ನೆಲ್ಲಿಗೆ ಹೇಳುತ್ತದೆ, ಯಂತ್ರದೊಳಗೇ ಇರುವ ಫರ್ಮ್‌ವೇರ್ ತಂತ್ರಾಂಶ ಕೊಟ್ಟ ಸರಳ ಚಿತ್ರದಲ್ಲೇ ಯಂತ್ರ ಮುಂದುವರಿಯುತ್ತದೆ. ಇದು ರೋಗವನ್ನು ಗುರುತಿಸುವ ಉಪಾಯವೇ ಹೊರತು ಔಷಧವಲ್ಲ. ಅನೇಕರು ಇದನ್ನೇ ಶಾಶ್ವತವಾಗಿ ಬರೆದಿಟ್ಟು, ವಿಡಿಯೊ ತಡವರಿಸುವುದನ್ನೂ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ ಕೆಲಸ ಮಾಡದಿರುವುದನ್ನೂ ಸಹಿಸಿಕೊಂಡು ಕಾಲ ಹಾಕುತ್ತಾರೆ, ಅದರ ಅಗತ್ಯವಿಲ್ಲ.

ಮಿಂಚು ಗುಡುಗಿನ ನಡುವೆ ಕರೆಂಟು ಹೋಗಿ ಕಂಪ್ಯೂಟರ್ ಏಕಾಏಕಿ ಆರಿದ್ದಲ್ಲಿ ಲಾಗಿನ್ ಬದಲು ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬ ಸಾಲು ಬರಬಹುದು. ಡಿಸ್ಕಿನ ಕಡತ ವ್ಯವಸ್ಥೆ ಅಸ್ತವ್ಯಸ್ತವಾಗಿದೆ ಎಂಬ ಸೂಚನೆ ಅದು. ಅದರ ಮೇಲಿನ ಸಾಲುಗಳಲ್ಲೇ ಯಾವ ವಿಭಾಗವನ್ನು ಪರಿಶೀಲಿಸಬೇಕೆಂದು ಹೆಸರು ಕೊಟ್ಟಿರುತ್ತದೆ. ಆ ಹೆಸರು ಡೆವ್ ಎಸ್‌ಡಿಎ2 ಎಂದಿದ್ದರೆ ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’ ಎಂದು ಕೊಟ್ಟು, ಮುಗಿದ ಮೇಲೆ ‘ಎಕ್ಸಿಟ್’ ಎಂದು ಟೈಪಿಸಿ. ಡಿಸ್ಕೇ ಸಾಯುತ್ತಿರುವ ಲಕ್ಷಣಗಳಿದ್ದರೆ, ಅಂದರೆ ಕಟಕಟ ಸದ್ದು ಬರುತ್ತಿದ್ದರೆ ಅಥವಾ ‘ಐಓ ಎರರ್’ ಎಂಬ ಸಾಲುಗಳು ತುಂಬಿದ್ದರೆ, ಇದನ್ನು ಮಾಡದೆ ನಿಲ್ಲಿಸಿ. ಮೊದಲು ಆ ಡಿಸ್ಕಿನ ಪ್ರತಿ ತೆಗೆಸಬೇಕು.

ಒಳಗೆ ಹೋದ ಮೇಲೆ

ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಕೊಡಿ. ಪಾಸ್‌ವರ್ಡ್ ಒತ್ತುವಾಗ ಚುಕ್ಕಿ, ನಕ್ಷತ್ರ ಏನೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಭಾವಿಸಬೇಡಿ. ಲಾಗಿನ್ ಹೆಸರು ಎಂದರೆ ಪರದೆಯಲ್ಲಿ ಕಾಣುತ್ತಿದ್ದ ಪೂರ್ಣ ಹೆಸರಲ್ಲ, ಅನುಸ್ಥಾಪನೆಯ ವೇಳೆ ಸಣ್ಣ ಅಕ್ಷರಗಳಲ್ಲಿ ಕೊಟ್ಟದ್ದು.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಲಿನಕ್ಸಿನ ಈ ಅಕ್ಷರ ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಮಾತ್ರ ಜಾಗವಿದೆ, ಒತ್ತಕ್ಷರಗಳನ್ನು ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ಕನ್ನಡದ ಹೆಸರಿರುವ ಕಡತಗಳು ಚೌಕಗಳ ಸಾಲಿನಂತೆ ಕಾಣುತ್ತವೆ. ಕಡತಗಳು ಕೆಟ್ಟಿಲ್ಲ, ಹೆಸರೂ ಕೆಟ್ಟಿಲ್ಲ; ಆ ಚೌಕಗಳನ್ನು ನೋಡಿ ಯಾವುದನ್ನೂ ಅಳಿಸಬೇಡಿ. ವ್ಯವಸ್ಥೆಯ ಸಂದೇಶಗಳೂ ಚೌಕಗಳಾಗಿ ಬರುತ್ತಿದ್ದರೆ ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ’ ಎಂದು ಕೊಟ್ಟರೆ ಇಂಗ್ಲಿಷಿಗೆ ತಿರುಗುತ್ತವೆ. ಇದರಲ್ಲಿ ‘ಎಕ್ಸ್‌ಪೋರ್ಟ್’ ಸಣ್ಣ ಅಕ್ಷರಗಳಲ್ಲಿ, ಉಳಿದ ಎಲ್ ಸಿ, ಕೆಳಗೆರೆ, ಎ ಎಲ್ ಎಲ್, ಸಮ ಚಿಹ್ನೆ, ಸಿ ಇವು ದೊಡ್ಡ ಅಕ್ಷರಗಳಲ್ಲಿ ಇರಬೇಕು.

ದುರಸ್ತಿಗೆ ಕೈಹಾಕುವ ಮುನ್ನ ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಮೊದಲು ‘ಎಲ್‌ಎಸ್‌ಬಿಎಲ್‌ಕೆ’ ಎಂದು ಕೊಟ್ಟು ಪಟ್ಟಿ ನೋಡಿ, ಪೆನ್‌ಡ್ರೈವ್ ಸಿಕ್ಕಿಸಿ, ಮತ್ತೆ ಅದನ್ನೇ ಕೊಡಿ. ಎರಡನೆಯ ಸಲ ಹೊಸದಾಗಿ ಕಂಡ ಹೆಸರೇ ಪೆನ್‌ಡ್ರೈವ್. ಅದು ಎಸ್‌ಡಿಬಿ1 ಎಂದಾದರೆ:

ಸುಡೊ ಮೌಂಟ್ /ಡೆವ್/ಎಸ್‌ಡಿಬಿ1 /ಎಂಎನ್‌ಟಿ

‘ಸುಡೊ’ ಎಂದರೆ ಎಸ್ ಯು ಡಿ ಓ. ಆಡಳಿತಾಧಿಕಾರದಿಂದ ನಡೆಸು ಎಂದು ಹೇಳುವ ಪದ. ಬಳಿಕ ‘ಸುಡೊ ಸಿಪಿ -ಆರ್ /ಹೋಮ್/’ ಎಂದು ಬರೆದು, ಅದಕ್ಕೆ ಅಂಟಿಕೊಂಡೇ ನಿಮ್ಮ ಲಾಗಿನ್ ಹೆಸರು, ಒಂದು ಜಾಗ, ‘/ಎಂಎನ್‌ಟಿ/’ ಎಂದು ಸೇರಿಸಿದರೆ ಇಡೀ ಮನೆ ಕಡತಕೋಶ ಪ್ರತಿಯಾಗುತ್ತದೆ. ಒಳಗಿನ ಕೋಶಗಳ ಹೆಸರು ಕನ್ನಡದಲ್ಲಿದ್ದರೆ ಟೈಪಿಸಲು ಆಗದಿರುವುದರಿಂದ ಒಟ್ಟಿಗೆ ಪ್ರತಿ ಮಾಡುವುದೇ ಸುಲಭ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಕಡತಗಳು ಅದರಲ್ಲಿ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಕೊನೆಗೆ ‘ಸುಡೊ ಯುಮೌಂಟ್ /ಎಂಎನ್‌ಟಿ’ ಎಂದು ಕೊಟ್ಟು ಅದು ಮುಗಿಯುವವರೆಗೆ ಕಾಯಿರಿ. ಈ ಆದೇಶದಲ್ಲಿ ಯು ಅಕ್ಷರದ ನಂತರ ಎನ್ ಇಲ್ಲ, ನೇರವಾಗಿ ಎಂ ಬರುತ್ತದೆ.

ಕಾರಣ ಹುಡುಕುವುದು

ಗ್ರಾಫಿಕ್ಸ್ ಚಾಲಕದ ಮೇಲೆ ಅನುಮಾನ ಪಡುವ ಮೊದಲು ಡಿಸ್ಕ್ ತುಂಬಿದೆಯೇ ಎಂದು ನೋಡಬೇಕು. ‘ಡಿಎಫ್ -ಎಚ್’ ಎಂದು ಕೊಟ್ಟರೆ ಪ್ರತಿ ವಿಭಾಗದ ಅಳತೆಯೂ ಶೇಕಡಾವಾರು ಬಳಕೆಯೂ ಕಾಣುತ್ತದೆ. ಕೊನೆಯ ಅಂಕಣದಲ್ಲಿ ಬರಿಯ ಓರೆಗೆರೆ ಇರುವ ಸಾಲಿನಲ್ಲಿ 100 ಎಂದಿದ್ದರೆ, ಲಾಗಿನ್ ಪುಟಕ್ಕೆ ಮರಳಿ ಮರಳಿ ಬರುವ ರೋಗದ ಮೂಲ ಸಿಕ್ಕಿತೆಂದೇ ತಿಳಿಯಿರಿ. ಇಎಕ್ಸ್‌ಟಿ4 ಕಡತ ವ್ಯವಸ್ಥೆ ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ಆಡಳಿತದ ಬಳಕೆಗೆಂದು ಕಾದಿರಿಸುತ್ತದೆ. ಅದರಿಂದಲೇ ಕಂಪ್ಯೂಟರ್ ಏಳುತ್ತದೆ, ಲಾಗಿನ್ ಪುಟವೂ ಬರುತ್ತದೆ; ಆದರೆ ಸಾಮಾನ್ಯ ಬಳಕೆದಾರರು ಒಳಹೊಕ್ಕ ಕೂಡಲೇ ಒಂದು ಸಣ್ಣ ಕಡತವನ್ನೂ ಬರೆಯಲಾಗದೆ ಹೊರಬೀಳುತ್ತಾರೆ. ‘ಸುಡೊ ಎಪಿಟಿ ಕ್ಲೀನ್’ ಎಂಬುದು ಇಳಿಸಿಕೊಂಡ ಹಳೆಯ ತಂತ್ರಾಂಶ ಪೊಟ್ಟಣಗಳನ್ನು (ಪ್ಯಾಕೇಜ್) ಅಳಿಸುತ್ತದೆ. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=100ಎಂ’ ಎಂಬುದು ವ್ಯವಸ್ಥೆಯ ದಿನಚರಿಯನ್ನು (ಲಾಗ್) 100 ಎಂಬಿಗೆ ಇಳಿಸುತ್ತದೆ; ಇದರ ಕೊನೆಯ ಎಂ ದೊಡ್ಡ ಅಕ್ಷರ. ಇಷ್ಟರಿಂದಲೇ ಲಾಗಿನ್ ಆಗುವಷ್ಟು ಜಾಗ ತೆರವಾಗುವುದುಂಟು.

ಮಲೆನಾಡಿನಲ್ಲಿ ಇದಕ್ಕಿಂತಲೂ ಹೆಚ್ಚು ಕಾಣುವ ಕಾರಣ ಅರ್ಧಕ್ಕೆ ನಿಂತ ಅಪ್‌ಡೇಟ್. ನೂರಾರು ಪೊಟ್ಟಣಗಳು ಇಳಿದು, ಬಿಚ್ಚಿ, ಜೋಡಣೆಯಾಗುತ್ತಿರುವಾಗ ಕರೆಂಟು ಹೋದರೆ ಹೊಸ ಕರ್ನೆಲ್ ಬಂದಿರುತ್ತದೆ, ಅದಕ್ಕೆ ತಕ್ಕ ಚಾಲಕ ಬಂದಿರುವುದಿಲ್ಲ. ಅಥವಾ ಡೆಸ್ಕ್‌ಟಾಪಿನ ಅರ್ಧ ಭಾಗ ಹೊಸದು, ಅರ್ಧ ಹಳೆಯದು ಆಗಿರುತ್ತದೆ. ಮದ್ದು ಸರಳವಾಗಿದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಕಾನ್ಫಿಗರ್ ಎಂಬುದರ ಮುಂದೆ ಎರಡು ಅಡ್ಡಗೆರೆ, ಎ ಅಕ್ಷರದ ಮುಂದೆ ಒಂದು. ಇಳಿದು ಉಳಿದಿರುವ ಪೊಟ್ಟಣಗಳ ಜೋಡಣೆಯನ್ನು ಇದು ಪೂರ್ತಿಗೊಳಿಸುತ್ತದೆ. ಇದಕ್ಕೆ ಅಂತರ್ಜಾಲ ಬೇಕಾಗಿಲ್ಲ, ಮಳೆಗಾಲದಲ್ಲಿ ಅದೇ ದೊಡ್ಡ ಅನುಕೂಲ. ನಂತರ ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂದು ಕೊಡಿ. ಇದಕ್ಕೆ ಕೊರತೆಯಿರುವ ಪೊಟ್ಟಣಗಳನ್ನು ಇಳಿಸಿಕೊಳ್ಳಲು ಸಂಪರ್ಕ ಬೇಕಾಗಬಹುದು. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಹೆಚ್ಚಿನ ಲಿನಕ್ಸ್‌ಗಳು ಅದನ್ನು ತಂತಿಯ ನೆಟ್‌ವರ್ಕ್ ಎಂದು ತಾವಾಗಿಯೇ ಗುರುತಿಸುತ್ತವೆ. ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯ ಬಳಿ ಮಾತ್ರವಾದರೆ ಕಂಪ್ಯೂಟರನ್ನೇ ಅಲ್ಲಿಗೆ ಸರಿಸಬೇಕು. ವೈಫೈ ಇದ್ದವರು ‘ಎನ್‌ಎಂಟಿಯುಐ’ ಎಂದು ಕೊಟ್ಟರೆ ಬಾಣದ ಕೀಲಿಗಳಿಂದ ಆರಿಸಬಹುದಾದ ಪಟ್ಟಿ ತೆರೆಯುತ್ತದೆ.

ಹೊಸ ಕರ್ನೆಲ್ಲೇ ಏಳದಿದ್ದರೆ ಗ್ರಬ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಸಾಲಿಗೆ ಹೋಗಿ ಹಿಂದಿನ ಕರ್ನೆಲ್ಲನ್ನು ಆರಿಸಿ. ಉಬುಂಟು ಹಾಗೂ ಡೆಬಿಯನ್‌ಗಳು ಹಿಂದಿನದ್ದೊಂದನ್ನು ಈ ಕಾರಣಕ್ಕೇ ಉಳಿಸಿಕೊಳ್ಳುತ್ತವೆ.

ಚಾಲಕದ ವಿಷಯಕ್ಕೆ ಬಂದರೆ ‘ಎಲ್‌ಎಸ್‌ಪಿಸಿಐ -ಕೆ’ ಎಂಬುದು ಪ್ರತಿ ಯಂತ್ರಭಾಗದ ಹೆಸರನ್ನೂ ಅದಕ್ಕೆ ಈಗ ಬಳಕೆಯಾಗುತ್ತಿರುವ ಚಾಲಕವನ್ನೂ ತೋರಿಸುತ್ತದೆ. ಉದ್ದನೆಯ ಪಟ್ಟಿ ಮೇಲೆ ಸರಿದುಹೋಗದಂತೆ ಕೊನೆಯಲ್ಲಿ ನೆಟ್ಟಗೆರೆ ಹಾಕಿ ‘ಲೆಸ್’ ಎಂದು ಸೇರಿಸಿದರೆ ಪುಟಪುಟವಾಗಿ ನೋಡಬಹುದು. ಹೊರಬರಲು ಕ್ಯೂ ಒತ್ತಿ. ‘ವಿಜಿಎ’ ಎಂಬ ಪದವಿರುವ ಸಾಲಿನ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂದು ಇಂಟೆಲ್ ಆದರೆ ಐ915 (ತೀರ ಹೊಸದಾದರೆ ಎಕ್ಸ್‌ಇ), ಎಎಂಡಿ ಆದರೆ ಎಎಂಡಿಜಿಪಿಯು ಅಥವಾ ರೇಡಿಯಾನ್, ಎನ್ವಿಡಿಯಾ ಆದರೆ ನೊವೊ ಅಥವಾ ಎನ್ವಿಡಿಯಾ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ಚಾಲಕ ಕೂತಿಲ್ಲ. ನೊಮೋಡ್‌ಸೆಟ್ ಹಾಕಿ ಎದ್ದಾಗಲೂ ಅದು ಕಾಣದಿರಬಹುದು, ಆದ್ದರಿಂದ ಈ ಪರೀಕ್ಷೆಯನ್ನು ಸಾಧ್ಯವಾದರೆ ಆ ಪದವಿಲ್ಲದೆ ಎದ್ದು ಮಾಡಬೇಕು.

ಇಂಟೆಲ್, ಎಎಂಡಿ ಚಾಲಕಗಳು ಕರ್ನೆಲ್ಲಿನೊಳಗೇ ಇರುವುದರಿಂದ ಅವು ಕೆಡುವುದು ಅಪರೂಪ. ಎನ್ವಿಡಿಯಾದ ಸ್ವಂತ ಚಾಲಕ ಹೊರಗಿನಿಂದ ಬರುತ್ತದೆ, ಪ್ರತಿ ಹೊಸ ಕರ್ನೆಲ್ಲಿಗೂ ಹೊಂದುವಂತೆ ಸಿದ್ಧವಾಗಬೇಕಾಗುತ್ತದೆ. ಆ ಕೆಲಸ ತಪ್ಪಿದಾಗ ಪರದೆ ಕಪ್ಪಾಗುತ್ತದೆ. ಆಗ ನನ್ನ ಸಲಹೆ ಇಷ್ಟು: ಅದನ್ನು ಪೂರ್ತಿ ತೆಗೆದು, ಮುಕ್ತ ಚಾಲಕವಾದ ನೊವೊದಲ್ಲಿ ಯಂತ್ರವನ್ನು ಏಳಿಸಿ, ಆಮೇಲೆ ಶಾಂತವಾಗಿ ಹೊಸದನ್ನು ಹಾಕಿಕೊಳ್ಳಿ.

ಸುಡೊ ಎಪಿಟಿ ಪರ್ಜ್ 'ಎನ್ವಿಡಿಯಾ-*'

ಇದರಲ್ಲಿ ಒಂಟಿ ಉದ್ಧರಣ ಚಿಹ್ನೆಗಳನ್ನೂ ಒತ್ತಬೇಕು. ಪರ್ಜ್ ಎಂದರೆ ಪಿ ಯು ಆರ್ ಜಿ ಇ. ತೆಗೆಯಲಿರುವ ಪೊಟ್ಟಣಗಳ ಪಟ್ಟಿ ಬಂದಾಗ ಓದದೆ ವೈ ಒತ್ತಬೇಡಿ. ನಿಮ್ಮ ಡೆಸ್ಕ್‌ಟಾಪಿನ ಹೆಸರೇ ಅದರಲ್ಲಿದ್ದರೆ ನಿಲ್ಲಿಸಿ. ನಂತರ ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’, ಅದಾದ ಮೇಲೆ ‘ಸುಡೊ ರೀಬೂಟ್’. ಪರದೆ ಬಂದಮೇಲೆ ಉಬುಂಟುವಿನಲ್ಲಿ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಎಂಬುದು ಯಾವ ಚಾಲಕ ಸೂಕ್ತವೆಂದು ಸೂಚಿಸುತ್ತದೆ. ಹಳೆಯ ಕಾರ್ಡಿನವರು ಇಲ್ಲಿ ಎಚ್ಚರ ವಹಿಸಬೇಕು. ಜಿಫೋರ್ಸ್ 400, 500 ಸರಣಿಯ ಫರ್ಮಿ ಪೀಳಿಗೆಯ ಎನ್ವಿಡಿಯಾ ಕಾರ್ಡುಗಳಿಗೆ ಚಾಲಕದ 390ನೇ ಶಾಖೆಯೇ ಕೊನೆಯದು, ನಂತರದ ಕೆಪ್ಲರ್ ಪೀಳಿಗೆಯವಕ್ಕೆ 470ನೆಯದು. ಎರಡಕ್ಕೂ ತಯಾರಕರ ಬೆಂಬಲ ನಿಂತಿರುವುದರಿಂದ ತೀರ ಹೊಸ ಕರ್ನೆಲ್‌ಗಳ ಜೊತೆ ಅವು ಹೊಂದದೆ ಹೋಗುತ್ತವೆ. ಅಂಥವರು ನೊವೊದಲ್ಲೇ ಉಳಿಯುವುದು ಲೇಸು. ಲೆಕ್ಕ ಬರೆಯಲು, ಪತ್ರ ಬೆರಳಚ್ಚಿಸಲು, ಅಂತರ್ಜಾಲ ನೋಡಲು ಅದು ಧಾರಾಳವಾಗಿ ಸಾಕು.

ನಂಬಿಕೆಯ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಚಾಲಕವನ್ನು ಹಾಕುವಾಗ ಅದೊಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ, ಮರು ಆರಂಭದಲ್ಲಿ ನೀಲಿ ಪುಟವೊಂದು ಬಂದು ‘ಎನ್‌ರೋಲ್ ಮೊಕ್’ ಎಂಬ ಆಯ್ಕೆ ಕೊಡುತ್ತದೆ. ಅಪರಿಚಿತ ಪುಟವೆಂದು ಅನೇಕರು ‘ಕಂಟಿನ್ಯೂ ಬೂಟ್’ ಒತ್ತಿ ದಾಟಿಬಿಡುತ್ತಾರೆ. ಚಾಲಕ ಸರಿಯಾಗಿಯೇ ಕೂತಿದ್ದರೂ ಕರ್ನೆಲ್ ಅದನ್ನು ಒಳಗೆ ಬಿಡುವುದಿಲ್ಲ. ಆ ಪುಟದಲ್ಲಿ ಎನ್‌ರೋಲ್ ಆರಿಸಿ, ಕೊಟ್ಟಿದ್ದ ಪಾಸ್‌ವರ್ಡನ್ನೇ ಮತ್ತೆ ಕೊಡಬೇಕು.

ಚಾಲಕ ಸರಿಯಿದ್ದೂ ಲಾಗಿನ್ ಪುಟ ಬಾರದಿದ್ದರೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಿಸ್‌ಪ್ಲೇ-ಮ್ಯಾನೇಜರ್’ ಎಂದು ಕೊಟ್ಟು ಆ ಸೇವೆಯ ಸ್ಥಿತಿ ನೋಡಿ, ‘ಜರ್ನಲ್‌ಸಿಟಿಎಲ್ -ಬಿ -ಪಿ ಎರ‍್’ ಎಂದು ಕೊಟ್ಟು ಈ ಸಲದ ದೋಷಗಳನ್ನಷ್ಟೇ ಓದಿ. ಎರ‍್ ಎಂದರೆ ಇ ಆರ್ ಆರ್. ಪರದೆಯ ಮೇಲೆ ಚಿತ್ರ ಮೂಡಿಸಲು ಎಕ್ಸ್‌ಆರ್ಗ್ ಎಂಬ ತಂತ್ರಾಂಶವನ್ನು ಬಳಸುವ ಯಂತ್ರಗಳಲ್ಲಿ ‘/ವಾರ್/ಲಾಗ್/’ ಕೋಶದಲ್ಲಿ, ಅಥವಾ ನಿಮ್ಮ ಮನೆ ಕೋಶದೊಳಗಿನ ‘.ಲೋಕಲ್/ಶೇರ್/ಎಕ್ಸ್‌ಆರ್ಗ್’ನಲ್ಲಿ, ಅದರ ಹೆಸರಿನದೇ ದಿನಚರಿ ಇರುತ್ತದೆ. ಆವರಣದೊಳಗೆ ಎರಡು ದೊಡ್ಡ ಇ ಅಕ್ಷರಗಳಿರುವ ಸಾಲುಗಳೇ ದೋಷಗಳು. ‘ನೋ ಸ್ಕ್ರೀನ್ಸ್ ಫೌಂಡ್’ ಎಂಬ ಸಾಲು ಅಲ್ಲಿದ್ದರೆ ಹಿಂದೆಂದೋ ಬರೆದಿಟ್ಟ ಹೊಂದಾಣಿಕೆ ಕಡತ ಈಗಿನ ಕಾರ್ಡಿಗೋ ಮಾನಿಟರಿಗೋ ಹೊಂದುತ್ತಿಲ್ಲವೆಂದು ಶಂಕಿಸಬಹುದು. ‘/ಇಟಿಸಿ/ಎಕ್ಸ್11/’ ಕೋಶದಲ್ಲಿ ‘ಎಕ್ಸ್‌ಆರ್ಗ್.ಕಾನ್ಫ್’ ಎಂಬುದಿದ್ದರೆ ‘ಸುಡೊ ಎಂವಿ’ ಆದೇಶದಿಂದ ಅದರ ಹೆಸರು ಬದಲಿಸಿಡಿ. ಈಗಿನ ಎಕ್ಸ್‌ಆರ್ಗ್‌ಗೆ ಹೆಚ್ಚಿನ ಕಡೆ ಆ ಕಡತದ ಅಗತ್ಯವೇ ಇಲ್ಲ. ಕೋಶದ ಹೆಸರಿನ ಎಕ್ಸ್ ದೊಡ್ಡದು, ಕಡತದ ಹೆಸರಿನದು ಚಿಕ್ಕದು.

ಒಬ್ಬ ಬಳಕೆದಾರರಿಗೆ ಮಾತ್ರ ಲಾಗಿನ್ ಆಗದೆ ಉಳಿದವರಿಗೆ ಆಗುತ್ತಿದ್ದರೆ, ಮಿಂಟ್, ಕ್ಸುಬುಂಟುಗಳಲ್ಲಿ ಮನೆ ಕೋಶದ ‘.ಎಕ್ಸ್‌ಅಥಾರಿಟಿ’ ಎಂಬ ಮರೆಯ ಕಡತವನ್ನು ನೋಡಿ; ಅದರ ಎಕ್ಸ್ ದೊಡ್ಡ ಅಕ್ಷರ. ‘ಎಲ್‌ಎಸ್ -ಎಲ್‌ಎ’ ಕೊಟ್ಟಾಗ ಅದರ ಒಡೆತನ ಆಡಳಿತಾಧಿಕಾರದ ಖಾತೆಯಾದ ರೂಟ್ ಹೆಸರಿನಲ್ಲಿದ್ದರೆ ಅದನ್ನು ಸುಡೊ ಬಳಸಿ ತೆಗೆದುಹಾಕಿ. ಮುಂದಿನ ಲಾಗಿನ್‌ನಲ್ಲಿ ಅದು ಹೊಸದಾಗಿ ಹುಟ್ಟಿಕೊಳ್ಳುತ್ತದೆ.

ಪರದೆ ಇದ್ದೂ ಅಳತೆ ತಪ್ಪಿದಾಗ

ತೇವಾಂಶಕ್ಕೆ ಸಂಬಂಧಿಸಿದ ಒಂದು ದೋಷವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನೋಡುವುದಕ್ಕೆ ಅದು ತಂತ್ರಾಂಶದ ದೋಷದಂತೆಯೇ ಕಾಣುತ್ತದೆ. ಚಿತ್ರ ಬರುತ್ತದೆ, ಬಣ್ಣ ಸರಿಯಿರುತ್ತದೆ, ಆದರೆ ಅಕ್ಷರಗಳು ದಪ್ಪವಾಗಿ, ಅಗಲವಾಗಿ ಹಿಗ್ಗಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 1024×768 ಬಿಟ್ಟು ಹೆಚ್ಚಿನ ಅಳತೆಯೇ ಇರುವುದಿಲ್ಲ. ಮಾನಿಟರ್ ತನ್ನ ಅಳತೆಗಳನ್ನು ಎಡಿಡ್ ಎಂಬ ಪುಟ್ಟ ಮಾಹಿತಿಯ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ವಿಜಿಎ ಕೇಬಲ್ಲಿನಲ್ಲಿ ಅದು ಹರಿಯುವುದು 12 ಮತ್ತು 15ನೇ ಪಿನ್ನುಗಳಲ್ಲಿ, ಚಿತ್ರ ಹರಿಯುವುದು ಬೇರೆ ಪಿನ್ನುಗಳಲ್ಲಿ. ಆಗುಂಬೆಯ ಸುತ್ತಮುತ್ತಲಿನ ಮಳೆಗೆ ಆ ಎರಡು ಪಿನ್ನುಗಳಿಗೆ ಕಿಲುಬು ಕಟ್ಟಿದರೆ ಚಿತ್ರ ಉಳಿಯುತ್ತದೆ, ಮಾಹಿತಿ ನಿಲ್ಲುತ್ತದೆ. ಕಮಾಂಡ್ ಲೈನಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು:

ಕ್ಯಾಟ್ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್*-ವಿಜಿಎ-1/ಎಡಿಡ್ | ಡಬ್ಲ್ಯುಸಿ -ಸಿ

ಸಿಸ್ ಎಂದರೆ ಎಸ್ ವೈ ಎಸ್. ಕಾರ್ಡ್ ಸಿ ಅಕ್ಷರದಿಂದ ಆರಂಭ. ವಿಜಿಎ ಮಾತ್ರ ದೊಡ್ಡ ಅಕ್ಷರಗಳಲ್ಲಿ. ಎಡಿಡ್ ಎಂದರೆ ಇ ಡಿ ಐ ಡಿ. ಉತ್ತರ 128 ಅಥವಾ 256 ಎಂದು ಬಂದರೆ ಮಾಹಿತಿ ತಲುಪುತ್ತಿದೆ. 0 ಎಂದು ಬಂದರೆ ಚಾಲಕವನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಕೇಬಲ್ ಬದಲಿಸಬೇಕು, ಇಲ್ಲವೇ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ ಒಣಗಿಸಬೇಕು.

ಇದಕ್ಕೆ ವಿರುದ್ಧವಾಗಿ ಹಳೆಯ ಮಾನಿಟರ್ ‘ಔಟ್ ಆಫ್ ರೇಂಜ್’ ಎಂದು ತೋರಿಸಿ ಕಪ್ಪಾದರೆ, ಕಂಪ್ಯೂಟರ್ ಅದರ ಶಕ್ತಿಗೆ ಮೀರಿದ ಅಳತೆಯನ್ನು ಕಳಿಸುತ್ತಿದೆ. ಗ್ರಬ್‌ನ ಅದೇ ಸಾಲಿನ ಕೊನೆಗೆ ‘ವಿಡಿಯೊ=1024ಎಕ್ಸ್768’ ಎಂದು ಸೇರಿಸಿ ಏಳಿಸಬಹುದು. ವಿಡಿಯೊ ಎಂದರೆ ವಿ ಐ ಡಿ ಇ ಓ, ನಡುವಿನ ಎಕ್ಸ್ ಸಣ್ಣ ಅಕ್ಷರ.

ಮರಳಿ ಪರದೆಗೆ

ದುರಸ್ತಿ ಫಲಿಸಿತೇ ಎಂದು ಪರೀಕ್ಷಿಸಲು ಮರು ಆರಂಭ ಬೇಕಾಗಿಲ್ಲ. ‘ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಗ್ರಾಫಿಕಲ್.ಟಾರ್ಗೆಟ್’ ಎಂದು ಕೊಟ್ಟರೆ ಪರದೆಯ ಸೇವೆ ಅಲ್ಲೇ ಏಳಲು ಯತ್ನಿಸುತ್ತದೆ. ಏಳದಿದ್ದರೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಹಿಂದಿರುಗಬಹುದು. ನೊಮೋಡ್‌ಸೆಟ್ ಹಾಕಿ ಎದ್ದಿದ್ದರೆ ಮಾತ್ರ ಒಮ್ಮೆ ‘ಸುಡೊ ರೀಬೂಟ್’ ಕೊಟ್ಟೇ ನೋಡಬೇಕು.

ಪರದೆ ಮರಳಿ ಬಂದಮೇಲೆ ಗ್ರಬ್ ಪಟ್ಟಿ ಪ್ರತಿ ಸಲವೂ ತಾನಾಗಿ ಕಾಣುವಂತೆ ಮಾಡಿಡುವುದು ಒಳ್ಳೆಯದು. ‘ಸುಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್’ ಎಂದು ತೆರೆದು, ‘ಗ್ರಬ್_ಟೈಮ್‌ಔಟ್_ಸ್ಟೈಲ್’ ಎಂಬ ಸಾಲಿನ ಸಮ ಚಿಹ್ನೆಯ ಮುಂದಿರುವ ‘ಹಿಡನ್’ ಎಂಬುದನ್ನು ‘ಮೆನು’ ಎಂದೂ, ‘ಗ್ರಬ್_ಟೈಮ್‌ಔಟ್’ ಎಂಬುದರ ಮುಂದಿರುವ 0 ಅನ್ನು 5 ಎಂದೂ ಬದಲಿಸಿ. ಕಂಟ್ರೋಲ್-ಓ, ಎಂಟರ್, ಕಂಟ್ರೋಲ್-ಎಕ್ಸ್ ಎಂಬ ಕ್ರಮದಲ್ಲಿ ಉಳಿಸಿ ಹೊರಬಂದು ‘ಸುಡೊ ಅಪ್‌ಡೇಟ್-ಗ್ರಬ್’ ಎಂದು ಕೊಡಿ. ಫೆಡೋರಾ ಬಳಸುವವರು ಈ ಕೊನೆಯ ಆದೇಶದ ಬದಲು ‘ಸುಡೊ ಗ್ರಬ್2-ಎಂಕೆಕಾನ್ಫಿಗ್ -ಓ /ಬೂಟ್/ಗ್ರಬ್2/ಗ್ರಬ್.ಸಿಎಫ್‌ಜಿ’ ಎಂದು ಕೊಡಬೇಕು. ಮುಂದಿನ ಸಲ ಆನ್ ಮಾಡಿದಾಗ ಪಟ್ಟಿ ಐದು ಸೆಕೆಂಡ್ ನಿಂತು, ಯಾವ ಕೀಲಿಯನ್ನೂ ಒತ್ತದಿದ್ದರೆ ತಾನಾಗಿ ಮುಂದುವರಿಯುತ್ತದೆ.